ಮೂವತ್ತೆರಡರಲ್ಲಿ ನೂರ ತೊಂಬತ್ತು

ಜನನ ಮರಣ ನೋಂದಣಿ ಕಚೇರಿಯಲ್ಲಿ ಅವರನ್ನು ಎಲ್ಲರೂ ಕಾಗುಣಿತ ಎಂದೇ ಕರೆಯುತ್ತಿದ್ದರು. ಎದುರಿಗೆ ಸಿಕ್ಕಾಗ ಮಾತ್ರ ಕೊನೆಗೊಂದು 'ಸರ್' ಅಂಟಿಸುತ್ತಿದ್ದರು. ಹತ್ತೊಂಬತ್ತು ವರ್ಷ ಜನನ ವಿಭಾಗದಲ್ಲಿ ಕೂತು, ಹುಟ್ಟಿದ ಮಕ್ಕಳ ಹೆಸರಿನಲ್ಲಿ ಒಂದು ಒತ್ತಕ್ಷರವೂ ಆಚೀಚೆಯಾಗದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರು. ತಪ್ಪೊಂದು ಕಣ್ಣಿಗೆ ಬಿದ್ದರೆ, ಅದನ್ನು ತಿದ್ದುವ ತನಕ ಗಂಟಲಲ್ಲಿ ತುತ್ತು ಇಳಿಯದ ಜಾತಿ.

ಅಂಥವರು ಒಂದು ಮಧ್ಯಾಹ್ನ ನೋಟಿಸ್ ಬೋರ್ಡಿನ ಮುಂದೆ ಹಾದುಹೋದರು. ದೊಡ್ಡ ಸಾಹೇಬರ ಹೊಸ ಸುತ್ತೋಲೆ ಅಂಟಿಸಿತ್ತು: 'ಎಲ್ಲಾ ಸಿಬ್ಬಂದಿಗಳು ಸಮಯಕ್ಕೆ ಸರಿಯಾಗಿ ಹಾಜರಿರತಕ್ಕದ್ದು.' ಕಾಗುಣಿತ ನಾಲ್ಕು ಹೆಜ್ಜೆ ಮುಂದೆ ಹೋದವರು ಅಷ್ಟೇ ಹೆಜ್ಜೆ ಹಿಂದೆ ಬಂದರು. ಜೇಬಿನ ಕೆಂಪು ಪೆನ್ನು ತೆಗೆದು 'ಗಳು' ಹೊಡೆದುಹಾಕಿದರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಸಿಬ್ಬಂದಿ ಎಂದರೆ ಸಾಕು' ಎಂದು ಬರೆದು, ಅಭ್ಯಾಸಬಲದಿಂದ ಕೆಳಗೊಂದು ಸಹಿಯನ್ನೂ ಹಾಕಿದರು. ಆ ಸಹಿಯೇ ಮುಳುವಾಯಿತು. ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲೆ ಆದೇಶ ಕೂತಿತ್ತು: ನೆಲಮಾಳಿಗೆಯ ಮೆಷಿನ್ ರೂಮಿಗೆ ವರ್ಗ. ಕಂಪ್ಯೂಟರಿನ ಗಂಧಗಾಳಿ ಇಲ್ಲದವರನ್ನು ಅಲ್ಲಿಗೆ ಹಾಕಿದರೆ ತಾವಾಗಿಯೇ ಬಾಲ ಮುದುರಿಕೊಳ್ಳುತ್ತಾರೆ ಎಂಬುದು ಸಾಹೇಬರ ಎಣಿಕೆ.

"ಒಂದು 'ಗಳು' ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದರು ಹೆಂಡತಿ. ಅವರು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಇಡೀ ದಿನ ಅಳುವವರನ್ನು ಸಮಾಧಾನ ಮಾಡಿ ಬಂದವರಿಗೆ ಮನೆಯಲ್ಲೂ ಅದೇ ಕೆಲಸ ಮಾಡುವ ಉಮೇದು ಇರಲಿಲ್ಲ.

"ತಪ್ಪಾಗಿತ್ತಲ್ಲ," ಎಂದರು ಕಾಗುಣಿತ.

ನೆಲಮಾಳಿಗೆಯ ರೂಮು ಫ್ರಿಜ್ಜಿನ ಹೊಟ್ಟೆಯಂತಿತ್ತು. ಬೀರುವಿನಷ್ಟೆತ್ತರದ ಕಬ್ಬಿಣದ ಚೌಕಟ್ಟಿನಲ್ಲಿ ಒಂದೇ ಒಂದು ಯಂತ್ರ ಹುಂಯ್ ಎನ್ನುತ್ತಿತ್ತು. ಅದರ ಮುಂದೆ ಸ್ವೆಟರು, ಕಾಲುಚೀಲ ಹಾಕಿಕೊಂಡು ಕೂತಿದ್ದ ಹೆಂಗಸನ್ನು ಕಚೇರಿಯೆಲ್ಲ ಮೆಷಿನ್ ಅಕ್ಕ ಎನ್ನುತ್ತಿತ್ತು. ನಿವೃತ್ತಿಗೆ ಒಂದು ವರ್ಷ ಬಾಕಿ. ಆ ಯಂತ್ರ ಯುನಿಕ್ಸ್ ಜಾತಿಯದು. ಅದರ ಜೊತೆ ಮಾತಾಡಬೇಕಾದರೆ ಕೀಲಿಮಣೆಯಲ್ಲಿ ಒಂದೊಂದೇ ಪದ ಕುಟ್ಟಬೇಕು, ಅದೂ ಒಂದಕ್ಷರ ತಪ್ಪದಂತೆ. ತಪ್ಪಿದರೆ ಅದು ಮುಲಾಜಿಲ್ಲದೆ 'ಇಂಥ ಆಜ್ಞೆ ಇಲ್ಲ' ಎನ್ನುತ್ತಿತ್ತು. ಕಾಗುಣಿತರಿಗೆ ಮೊದಲ ದಿನವೇ ಅದರ ಮೇಲೆ ಗೌರವ ಹುಟ್ಟಿತು.

"ಇವಳು ಸುಳ್ಳು ಹೇಳಲ್ಲ ಸರ್," ಎಂದರು ಅಕ್ಕ. "ಆದ್ರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾಳೆ. ಏನು ಕೇಳಿದ್ವಿ ಅಂತ ನಮಗೆ ಗೊತ್ತಿರಬೇಕು, ಅಷ್ಟೇ."

ಕಾಗುಣಿತರಿಗೆ ಒಪ್ಪಿಸಿದ ಕೆಲಸ ಒಂದೇ. ಪ್ರತಿ ಸೋಮವಾರ ಯಂತ್ರದ ಮೆಮೊರಿ ಎಷ್ಟಿದೆ, ಎಷ್ಟು ಬಳಕೆಯಾಗಿದೆ, ಎಷ್ಟು ಖಾಲಿ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಸಾಹೇಬರಿಗೆ ಕೊಡುವುದು. ಕಾಗುಣಿತ 'ಫ್ರೀ' ಎಂದು ಕುಟ್ಟಿದರು. ಯಂತ್ರ ಒಂದು ಸಾಲು ಅಂಕಿ ಉಗುಳಿತು. ಅವರು ಅದನ್ನು ದುಂಡಗಿನ ಅಕ್ಷರದಲ್ಲಿ ಹಾಳೆಗಿಳಿಸಿದರು: ಒಟ್ಟು ಮೂವತ್ತೆರಡು ಜಿಬಿ, ಖಾಲಿ ಒಂದು ಜಿಬಿ.

ಹತ್ತು ನಿಮಿಷದಲ್ಲಿ ಮೇಲಿನಿಂದ ಕರೆ ಬಂತು. ಸಾಹೇಬರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಒಂದೇ ಉಳಿದಿದೆಯೇನ್ರೀ?"

"ಹೌದು ಸರ್. ಒಂದೇ."

"ಅಂದ್ರೆ ನಾಳೆ?"

ನಾಳೆಯ ಬಗ್ಗೆ ಯಂತ್ರ ಏನೂ ಹೇಳಿರಲಿಲ್ಲವಾದ್ದರಿಂದ ಕಾಗುಣಿತ ಹಾಳೆಯ ಮೇಲಿನ 'ಒಂದು' ಎಂಬಲ್ಲಿಗೇ ಮತ್ತೆ ಬೆರಳಿಟ್ಟು ತೋರಿಸಿದರು. ಅದರಿಂದ ಸಾಹೇಬರ ಗಾಬರಿ ಇನ್ನೂ ಹೆಚ್ಚಿತು. ಊಟದ ಹೊತ್ತಿಗೆ ಮೂರು ಆದೇಶ ಹೊರಬಿದ್ದವು. ಹಳೆಯ ಕಡತಗಳನ್ನು ಯಾರೂ ತೆರೆಯಕೂಡದು. ಊಟದ ವೇಳೆ ಎಲ್ಲ ಕಂಪ್ಯೂಟರ್ ಆರಿಸಿ ಯಂತ್ರಕ್ಕೆ ವಿಶ್ರಾಂತಿ ಕೊಡತಕ್ಕದ್ದು. ಮುಂದಿನ ಸೋಮವಾರದ ಹೊತ್ತಿಗೆ ಅರ್ಧಕ್ಕರ್ಧ ಮೆಮೊರಿ ಖಾಲಿ ಇರತಕ್ಕದ್ದು.

ಅಕ್ಕ ಆದೇಶ ಓದಿ ಕನ್ನಡಕ ಒರೆಸಿಕೊಂಡರು. "ಖಾಲಿ ಅನ್ನೋ ಕಾಲಂ ಒಂದನ್ನೇ ಯಾಕೆ ಬರೆದ್ರಿ ಸರ್? ಕೊನೇ ಕಾಲಂ ನೋಡಿ. ಸಿಗಬಹುದಾದದ್ದು ಹತ್ತೊಂಬತ್ತು ಅಂತಿದೆ."

"ಖಾಲಿ ಒಂದು, ಸಿಗೋದು ಹತ್ತೊಂಬತ್ತು? ಅದು ಹೇಗೆ ಅಕ್ಕಾ?"

"ಬೆಳಿಗ್ಗೆಯಿಂದ ಕೌಂಟರಿನವರು ಕೇಳಿದ ಕಡತಗಳನ್ನೆಲ್ಲ ಇವಳು ಡಿಸ್ಕಿನಿಂದ ತಂದು ಮೆಮೊರಿಯಲ್ಲಿ ಇಟ್ಕೊಂಡಿರ್ತಾಳೆ. ಮತ್ತೆ ಕೇಳಿದ್ರೆ ತಕ್ಷಣ ಕೊಡೋಣ ಅಂತ. ಅದಕ್ಕೆ ಕ್ಯಾಶ್ ಅಂತಾರೆ. ಬೇರೆ ಯಾರಿಗಾದ್ರೂ ಜಾಗ ಬೇಕಾದ್ರೆ ಅದರಲ್ಲಿ ಬಹುಪಾಲನ್ನ ಆ ಕ್ಷಣ ಬಿಟ್ಟುಕೊಡ್ತಾಳೆ. ಜಾಗ ಸುಮ್ಮನೆ ಬಿದ್ದಿರೋದು ಅವಳಿಗೆ ಆಗಲ್ಲ. ಖಾಲಿ ಜಾಸ್ತಿ ಇದ್ರೆ ಅವಳಿಗೆ ಕೆಲಸ ಇಲ್ಲ ಅಂತ ಅರ್ಥ."

ಕಾಗುಣಿತ ಇದನ್ನೆಲ್ಲ ಹೋಗಿ ಹೇಳಿದರು. ಸಾಹೇಬರಿಗೆ ರುಚಿಸಲಿಲ್ಲ. "ನನಗೆ ಖಾಲಿ ಬೇಕು ಅಂದ್ರೆ ಖಾಲಿ ಬೇಕು," ಎಂದರು. ಹಾಗಾಗಿ ಮುಂದಿನ ಸೋಮವಾರ ಅಕ್ಕ ಹಲ್ಲು ಕಚ್ಚಿಕೊಂಡು, ವರದಿಗೆ ಐದು ನಿಮಿಷ ಮುಂಚೆ ಆಜ್ಞೆಯೊಂದನ್ನು ಕೊಟ್ಟು ಕ್ಯಾಶ್ ಪೂರ್ತಿ ಗುಡಿಸಿ ಹಾಕಿದರು. ಖಾಲಿ ಇಪ್ಪತ್ತಕ್ಕೇರಿತು. ಮೇಲೆ ಸಾಹೇಬರ ಮುಖ ಅರಳಿತು. ಕೆಳಗೆ ಕೌಂಟರಿನಲ್ಲಿ ಪ್ರತಿ ಕಡತವನ್ನೂ ಯಂತ್ರ ಮೊದಲಿನಿಂದ ಹೆಕ್ಕಿ ತರಬೇಕಾಗಿ ಬಂದು ಇಪ್ಪತ್ತೈದು ನಿಮಿಷ ಯಾವ ಪರದೆಯೂ ಅಲ್ಲಾಡಲಿಲ್ಲ. ಮಗುವಿನ ಪ್ರಮಾಣಪತ್ರಕ್ಕೆ ನಿಂತಿದ್ದ ಅಪ್ಪಂದಿರು ಗೊಣಗಿ ಗೊಣಗಿ ಸಾಕಾಗಿ ನೆಲದ ಮೇಲೆ ಕೂತರು. ಮೂರು ಸೋಮವಾರ ಹೀಗೇ ನಡೆಯಿತು. ನಾಲ್ಕನೆಯ ಸೋಮವಾರ ಕಾಗುಣಿತರಿಗೆ ಅವರ ಹಳೆಯ ವಿದ್ಯೆಯೇ ನೆನಪಾಯಿತು. ವರದಿಯ ನಮೂನೆಯಲ್ಲಿ 'ಖಾಲಿ' ಎಂಬ ತಲೆಬರಹ ಹೊಡೆದು 'ಲಭ್ಯ' ಎಂದು ಅಚ್ಚು ಹಾಕಿಸಿದರು, ಕೆಳಗೆ ಹತ್ತೊಂಬತ್ತು ಬರೆದರು. ಸಾಹೇಬರು ಅಂಕಿ ನೋಡಿದರು, ತಲೆಬರಹ ನೋಡಲಿಲ್ಲ. ಕೌಂಟರುಗಳು ಉಸಿರಾಡಿದವು.

ಈ ಗೆಲುವು ಕಾಗುಣಿತರ ತಲೆಗೇರಿತು. ಯಂತ್ರವನ್ನು ಅರ್ಥ ಮಾಡಿಕೊಂಡುಬಿಟ್ಟೆ ಎಂದುಕೊಂಡರು. ಅಷ್ಟರಲ್ಲಿ ಅಕ್ಕ ಕಣ್ಣಿನ ಆಪರೇಷನ್ನಿಗೆ ಎರಡು ವಾರ ರಜೆ ಹಾಕಿದರು, ಅದೇ ವಾರ ಸಾಹೇಬರು ಹೊಸದೊಂದು ಕೇಳಿದರು: ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ತಿನ್ನುತ್ತಿದೆ, ಪಟ್ಟಿ ಕೊಡಿ.

ಕಾಗುಣಿತ 'ಟಾಪ್' ಎಂದು ಕುಟ್ಟಿದರು. ಪಟ್ಟಿ ಬಂತು. ನೋಂದಣಿ ಡೇಟಾಬೇಸಿಗೆ ಮೂವತ್ತು ಕೆಲಸಗಾರ ಪ್ರೊಸೆಸ್‌ಗಳಿದ್ದವು. ಒಂದೇ ಪ್ರೋಗ್ರಾಮಿನ ಮೂವತ್ತು ಪ್ರತಿಗಳಾದ ಅವು ಕೌಂಟರಿನಿಂದ ಬರುವ ಕೋರಿಕೆಗಳನ್ನು ಪಾಳಿಯ ಮೇಲೆ ವಿಚಾರಿಸಿಕೊಳ್ಳುತ್ತಿದ್ದವು. ಒಂದೊಂದರ ಎದುರಿಗೂ ಆರು ಚಿಲ್ಲರೆ ಜಿಬಿ. ಅವರು ಪೆನ್ಸಿಲ್ ಹಿಡಿದು ಕೂಡಿದರು. ನೂರ ತೊಂಬತ್ತು. ಕೆಳಗಿನಿಂದ ಮೇಲಕ್ಕೆ ಕೂಡಿದರು. ಆಗಲೂ ನೂರ ತೊಂಬತ್ತು. ಮನೆಗೆ ಒಯ್ದು ಹತ್ತನೇ ಕ್ಲಾಸಿನ ಮಗಳ ಕೈಯಲ್ಲಿ ಕೂಡಿಸಿದರು.

"ನೂರ ತೊಂಬತ್ತೇ ಅಪ್ಪಾ. ಇದರಲ್ಲೇನಿದೆ?"

"ಯಂತ್ರದಲ್ಲಿ ಇರೋದೇ ಮೂವತ್ತೆರಡು ಕಣಮ್ಮಾ."

"ಹಾಗಾದ್ರೆ ನಿಮ್ಮ ಯಂತ್ರಕ್ಕೆ ಲೆಕ್ಕ ಬರಲ್ಲ," ಎಂದು ಅವಳು ಎದ್ದುಹೋದಳು.

ಇವಳು ಸುಳ್ಳು ಹೇಳಲ್ಲ ಎಂದು ಅಕ್ಕ ಅಂದದ್ದು ಅವರ ಕಿವಿಯಲ್ಲೇ ಇತ್ತು. ಯಂತ್ರ ಹೇಳಿದ್ದನ್ನು ತಿದ್ದುವುದಕ್ಕೆ ತಾನ್ಯಾರು ಎಂದು, ಜೀವನದಲ್ಲಿ ಮೊದಲ ಬಾರಿಗೆ ಕೆಂಪು ಪೆನ್ನು ಜೇಬಿನಲ್ಲೇ ಉಳಿಸಿ, ಪಟ್ಟಿಯನ್ನು ಇದ್ದಂತೆ ಕಳಿಸಿದರು. ಕೆಳಗೆ ಮೊತ್ತವನ್ನೂ ಬರೆದರು.

ಸಾಹೇಬರು ಅದನ್ನು ಓದಿ ಕೋಣೆಯ ಬಾಗಿಲು ಹಾಕಿಸಿದರು. ಒಳಗೆ ಅವರು, ಅವರ ಪಿಎ, ಕಾಗುಣಿತ ಮೂವರೇ.

"ಮೂವತ್ತೆರಡರ ಯಂತ್ರದಲ್ಲಿ ನೂರ ತೊಂಬತ್ತು. ಮಿಕ್ಕಿದ್ದು ಎಲ್ಲಿಂದ ಬಂತು?" ಸಾಹೇಬರ ದನಿ ಪಿಸುಮಾತಿಗಿಳಿದಿತ್ತು. "ಬೇರೆ ಕಚೇರಿಯದ್ದು ನಮ್ಮ ಯಂತ್ರಕ್ಕೆ ಸೇರಿಕೊಂಡಿದೆಯಾ? ನಾಳೆ ಯಾರಾದ್ರೂ ತನಿಖೆಗೆ ಬಂದ್ರೆ ನಾನೇನು ಹೇಳ್ಲಿ?"

ಪಿಎ ಗಂಟಲು ಸರಿಮಾಡಿಕೊಂಡರು. ಇಪ್ಪತ್ತು ವರ್ಷದಲ್ಲಿ ಐದು ಸಾಹೇಬರನ್ನು ಪಳಗಿಸಿದ ಮನುಷ್ಯ. "ಸರ್, ಇದನ್ನ ಹೀಗೂ ನೋಡಬಹುದಲ್ವಾ? ಸರ್ಕಾರ ಕೊಟ್ಟಿದ್ದು ಮೂವತ್ತೆರಡು. ತಾವು ಅದರಿಂದ ತೆಗೆದಿದ್ದು ನೂರ ತೊಂಬತ್ತು. ಸುಮಾರು ಆರು ಪಟ್ಟು."

ಸಾಹೇಬರು ಹಾಳೆಯನ್ನು ಮತ್ತೊಮ್ಮೆ ನೋಡಿದರು. ಮುಖದ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. "ಬಾಗಿಲು ತೆಗೀರಿ," ಎಂದರು.

ಆ ಸಂಜೆಯೇ ಕೇಂದ್ರ ಕಚೇರಿಗೆ ಪತ್ರ ಹೋಯಿತು. 'ಸೀಮಿತ ಸಂಪನ್ಮೂಲದಲ್ಲಿ ಆರು ಪಟ್ಟು ದಕ್ಷತೆ' ಎಂದು ಅದರ ವಿಷಯ. ಕೇಂದ್ರ ಕಚೇರಿಯಲ್ಲಿ ಮೆಮೊರಿ ಎಂದರೇನು ಎಂದು ತಿಳಿದವರು ಇರಲಿಲ್ಲವೆಂದಲ್ಲ. ಆದರೆ ಅಂಥವರನ್ನು ಕೇಳುವ ಪದ್ಧತಿ ಇರಲಿಲ್ಲ. ವರ್ಷದ ಉತ್ತಮ ಕಚೇರಿ ಎಂದು ಗಾಜಿನ ಫಲಕ ಘೋಷಣೆಯಾಯಿತು. ಉಳಿದ ಹದಿನಾಲ್ಕು ಊರುಗಳ ನೋಂದಣಿ ಕಚೇರಿಗಳು ಬಂದು ನೋಡಿ ಕಲಿಯತಕ್ಕದ್ದು ಎಂಬ ಸೂಚನೆಯೂ ಹೊರಟಿತು.

ಘೋಷಣೆಯ ಮರುದಿನ ಕಾಗುಣಿತ ಊಟದ ಡಬ್ಬಿ ಹಿಡಿದು ಜನನ ವಿಭಾಗಕ್ಕೆ ಹೋದರು. ಹಳೆಯ ಸಹೋದ್ಯೋಗಿ, ರಿಜಿಸ್ಟರಿನ ಗುಮಾಸ್ತೆ, ಊಟ ಮಾಡುತ್ತಲೇ ಪುಟ ತಿರುವುತ್ತಿದ್ದಳು. "ನೋಡಿ ಸರ್, ಈ ಅಮ್ಮನಿಗೆ ಐದನೇದು. ಐದೂ ನಮ್ಮಲ್ಲೇ ನೋಂದಣಿ. ಐದು ಸಲವೂ ತಾಯಿಯ ಹೆಸರು ನಾನೇ ಬರೆದಿದ್ದೀನಿ."

ಕಾಗುಣಿತರ ಕೈ ಡಬ್ಬಿಯಲ್ಲೇ ನಿಂತಿತು. ರಿಜಿಸ್ಟರಿನಲ್ಲಿ ಐದು ಸಾಲು. ಪ್ರತಿ ಸಾಲಿನಲ್ಲೂ ಒಂದು ಮಗು, ಒಬ್ಬ ತಾಯಿ. ಕಾಲಂ ಕೂಡಿಸಿದರೆ ಐದು ತಾಯಂದಿರು. ಮನೆಯಲ್ಲಿರುವವಳು ಒಬ್ಬಳೇ. ಒಂದು ಸಾಲೂ ಸುಳ್ಳಲ್ಲ, ಕೂಡಿಸಿದ್ದೇ ಸುಳ್ಳು.

ಊಟ ಅರ್ಧಕ್ಕೆ ಬಿಟ್ಟು ನೆಲಮಾಳಿಗೆಗೆ ಇಳಿದು ಮತ್ತೆ 'ಟಾಪ್' ಕುಟ್ಟಿದರು. ಅಂಕಿಯ ಪಕ್ಕದಲ್ಲೇ, ಅವರು ಇಷ್ಟು ದಿನ ಗಮನಿಸದ ಇನ್ನೊಂದು ಕಾಲಂ: ಹಂಚಿಕೊಂಡದ್ದು. ಪ್ರತಿ ಪ್ರೊಸೆಸ್ಸಿನ ಎದುರಿಗೂ ಆರಕ್ಕಿಂತ ಚೂರು ಹೆಚ್ಚು. ಅಂದರೆ ಮೂವತ್ತೂ ಕೆಲಸಗಾರರು ಒಂದೇ ಆರು ಜಿಬಿಯನ್ನು ನೋಡಿಕೊಂಡು ಕೆಲಸ ಮಾಡುತ್ತಿದ್ದಾರೆ, ಯಂತ್ರ ಅದನ್ನು ಒಬ್ಬೊಬ್ಬರ ಹೆಸರಿನಲ್ಲೂ ಬರೆದಿದೆ. ಸ್ವಂತದ್ದು ಅಂತ ಒಬ್ಬೊಬ್ಬರಿಗೆ ಇರುವುದು ಚೂರುಪಾರು ಮಾತ್ರ. ಎಲ್ಲ ಸೇರಿ ನಿಜವಾದ ಮೊತ್ತ ಹನ್ನೊಂದು. ಅವರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ಅವರಿಗೇ ತಿಳಿಯಲಿಲ್ಲ. ಅಕ್ಕನ ಮನೆಗೆ ಫೋನು ಹಚ್ಚಿದರು.

"ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಸರ್, ಆದ್ರೂ ನಿಮ್ಮ ಲೆಕ್ಕ ನನಗೆ ಕಾಣ್ತಿದೆ," ಎಂದರು ಅಕ್ಕ. "ಸರಿಯಾಗಿದೆ. ಆದ್ರೆ ನೀವೀಗ ಸಾಹೇಬರ ಹತ್ರ ಹೋಗ್ತೀರಲ್ಲ, ಅದನ್ನ ಬಿಟ್ಬಿಡೋಕೆ ಆಗಲ್ವಾ?"

"ತಪ್ಪಾಗಿದೆಯಲ್ಲ ಅಕ್ಕಾ."

ಸಾಹೇಬರು ಬರಲಿದ್ದ ಫಲಕವನ್ನು ಯಾವ ಗೋಡೆಗೆ ಹಾಕುವುದೆಂದು ನೋಡುತ್ತಿದ್ದರು. ಕಾಗುಣಿತ ತಾಯಿ, ಐದು ಮಕ್ಕಳು, ರಿಜಿಸ್ಟರು ಎಲ್ಲ ವಿವರಿಸಿದರು. ಸಾಹೇಬರು ಮಧ್ಯೆ ಬಾಯಿ ಹಾಕದೆ ಕೇಳಿದರು. ಅವರಿಗೆ ಅರ್ಥವಾಯಿತು ಎಂಬುದೇ ಆ ಸಂಭಾಷಣೆಯ ಅತ್ಯಂತ ಕೆಟ್ಟ ಭಾಗ.

"ನಿಮಗೊಂದು ಕಾಯಿಲೆ ಕಣ್ರೀ," ಎಂದರು ಕೊನೆಗೆ. "ಮೊದಲು ನನ್ನ ಸುತ್ತೋಲೆ ತಿದ್ದಿದ್ರಿ. ಈಗ ನನ್ನ ಪ್ರಶಸ್ತಿ ತಿದ್ದೋಕೆ ಬಂದಿದ್ದೀರಿ. ನೆಲಮಾಳಿಗೆಗಿಂತ ಕೆಳಗೆ ನಮ್ಮಲ್ಲಿ ಮಹಡಿ ಇಲ್ಲ, ಅದೊಂದು ನಿಮ್ಮ ಪುಣ್ಯ."

ಕಾಗುಣಿತ ಕೆಳಗೆ ಬಂದು ಒಂದೂವರೆ ಪುಟದ ಟಿಪ್ಪಣಿ ಬರೆದರು. 'ಮೊತ್ತ ತಪ್ಪಾಗಿದೆ, ತಪ್ಪು ನನ್ನದು, ಸರಿಯಾದ ಅಂಕಿ ಹನ್ನೊಂದು, ಕಾರಣ ಹೀಗಿದೆ.' ಅದನ್ನು ಟಪಾಲಿಗೆ ಕೊಟ್ಟು ಮೊಹರು ಹಾಕಿಸಿಕೊಂಡರು. ಎರಡು ದಿನದ ಮೇಲೆ ಅದು ಬೇರೆ ನಲವತ್ತು ಕಾಗದಗಳ ಜೊತೆ ಸಾಹೇಬರ ಮೇಜಿಗೆ ಹೋಗಿ, ಮೂಲೆಯಲ್ಲಿ 'ನೋಡಿದೆ' ಎಂಬ ಚುಟುಕು ಸಹಿ, ತಾರೀಖಿನ ಸಮೇತ ಕಡತ ಸೇರಿತು. ಸಾಹೇಬರು ಏನನ್ನು ನೋಡಿದರೋ ಅವರಿಗೇ ಗೊತ್ತಿರಲಿಲ್ಲ.

ಹದಿನಾಲ್ಕು ಕಚೇರಿಗಳವರು ಬಂದರು. ಮೆಷಿನ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಳಿಗೆ ಎಲ್ಲರೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು. ಸಾಹೇಬರು ಮೇಲೆ ಭಾಷಣದ ತಯಾರಿಯಲ್ಲಿದ್ದರಿಂದ ವಿವರಿಸುವ ಕೆಲಸ ಕಾಗುಣಿತರಿಗೇ ಬಿತ್ತು. ಅವರು ಸತ್ಯವನ್ನೇ ಹೇಳಿದರು. ಆರು ಜಿಬಿ ಒಂದೇ, ಅದನ್ನು ಮೂವತ್ತು ಜನ ಹಂಚಿಕೊಂಡಿದ್ದಾರೆ, ನೂರ ತೊಂಬತ್ತು ಎಂಬುದು ಕೂಡುವವನ ತಪ್ಪು. ಬಂದವರು ತಲೆಯಾಡಿಸುತ್ತ ಪುಸ್ತಕದಲ್ಲಿ ಬರೆದುಕೊಂಡರು. ದಪ್ಪ ಮೀಸೆಯ ಅಧಿಕಾರಿಯೊಬ್ಬರು ಕೈ ಎತ್ತಿದರು.

"ಮೂವತ್ತು ಕೆಲಸಗಾರರಿಗೆ ನೂರ ತೊಂಬತ್ತು ಬಂತು. ಮುನ್ನೂರು ಹಾಕಿದ್ರೆ?"

"ಅಂಕಿ ಹತ್ತಿರ ಹತ್ತಿರ ಎರಡು ಸಾವಿರಕ್ಕೆ ಹೋಗುತ್ತೆ ಸರ್. ಆದ್ರೆ ಅದು ಸುಳ್ಳು ಅಂಕಿ. ಒಬ್ಬೊಬ್ಬರಿಗೂ ಸ್ವಂತಕ್ಕೆ ಅಂತ ಚೂರು ಬೇಕಾಗುತ್ತೆ, ಮುನ್ನೂರು ಚೂರು ಸೇರಿದ್ರೆ ಯಂತ್ರವೇ..."

'ಎರಡು ಸಾವಿರ' ಎಂಬಲ್ಲಿಗೇ ಪೆನ್ನುಗಳು ನಿಂತಿದ್ದವು. ಮೇಲೆ ತಿಂಡಿ ಸಿದ್ಧವಿದೆ ಎಂದು ಪಿಎ ಬಾಗಿಲಲ್ಲಿ ಇಣುಕಿದರು. ರೂಮು ಅರ್ಧ ನಿಮಿಷದಲ್ಲಿ ಖಾಲಿಯಾಯಿತು. ಹಿಂದೆ ಉಳಿದವಳು ಒಬ್ಬಳೇ, ಮೀಸೆಯ ಅಧಿಕಾರಿಯ ಕಚೇರಿಯ ಆಪರೇಟರ್, ಕಾಗುಣಿತರಷ್ಟೇ ವಯಸ್ಸಿನ ಹೆಂಗಸು. "ಯಂತ್ರವೇ ಏನಾಗುತ್ತೆ ಸರ್?" ಎಂದು ಕೇಳಿದಳು. ಅವರು ಹೇಳಿದರು. ಅವಳು ಅವರ ರೂಮಿನ ಫೋನ್ ನಂಬರು ಬರೆದುಕೊಂಡು ಹೋದಳು.

ಮೂರು ವಾರ ಕಳೆಯಿತು. ಅಕ್ಕ ಹೊಸ ಕನ್ನಡಕದೊಂದಿಗೆ ಕೆಲಸಕ್ಕೆ ಮರಳಿದರು. ಒಂದು ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಆ ಊರು ಈ ಊರು ಎನ್ನದೆ ಒಂಬತ್ತು ಕಚೇರಿಗಳಿಂದ ದೂರು ಬಂತು. ಮುನ್ನೂರು ಹಾಕಿದವರು, ನಾನೂರು ಹಾಕಿದವರು, ಎಲ್ಲರ ಯಂತ್ರವೂ ಒದ್ದಾಡುತ್ತಿತ್ತು. ಯುನಿಕ್ಸ್ ಜಾತಿಯ ಈ ಯಂತ್ರಗಳಿಗೆ ಮೆಮೊರಿ ನಿಜವಾಗಿಯೂ ತೀರಿಹೋದಾಗ ಒಂದೇ ದಾರಿ: ಇರುವುದರಲ್ಲಿ ಯಾವ ಪ್ರೊಸೆಸ್ ದಪ್ಪಗೆ ಕಾಣುತ್ತದೋ ಅದನ್ನು ಹಿಡಿದು ಕೊಲ್ಲುವುದು. ಕೌಂಟರಿನ ಪ್ರೋಗ್ರಾಮುಗಳು ಒಂದರ ಹಿಂದೆ ಒಂದು ಸಾಯುತ್ತಿದ್ದವು. ಒಂದು ಊರಿನಲ್ಲಂತೂ ಮರಣ ನೋಂದಣಿ ಮಾಡಿಸಲು ಬಂದವರಿಗೆ, ನೋಂದಣಿ ಪ್ರೋಗ್ರಾಮೇ ತೀರಿಕೊಂಡಿದೆ, ನಾಳೆ ಬನ್ನಿ ಎಂದು ಹೇಳಿ ಕಳಿಸಿದ್ದರಂತೆ.

ಕೇಂದ್ರ ಕಚೇರಿ ಎಚ್ಚೆತ್ತಿತು. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಸಾಹೇಬರು, ನನಗೆ ಯಾರೂ ಹೇಳಲಿಲ್ಲ ಎಂದರು. ಕಾಗುಣಿತ ಕಡತ ತೆಗೆದು ಒಂದೂವರೆ ಪುಟ ಮುಂದಿಟ್ಟರು. ಮೊಹರು ಇತ್ತು. 'ನೋಡಿದೆ' ಇತ್ತು. ಅಧಿಕಾರಿಗಳು ಆ ಮೂಲೆಯನ್ನೇ ಬಹಳ ಹೊತ್ತು ನೋಡಿದರು. ತಪ್ಪಿತಸ್ಥರನ್ನು ಕೈಬಿಡುವ ಇಲಾಖೆ ಅದಲ್ಲ. ತಿಂಗಳೊಪ್ಪತ್ತಿನಲ್ಲಿ ಸಾಹೇಬರು ಬಡ್ತಿಯ ಮೇಲೆ ಇಲಾಖೆಯ ತರಬೇತಿ ಕೇಂದ್ರದ ಮುಖ್ಯಸ್ಥರಾಗಿ ಹೋದರು. ಅಲ್ಲಿ ದಕ್ಷತೆಯ ಬಗ್ಗೆ ಪಾಠ ಮಾಡುತ್ತಾರೆ. ಫಲಕವನ್ನು ಹಿಂದಕ್ಕೆ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ ಅದು ಗೋಡೆಯ ಮೇಲೇ ಉಳಿಯಿತು.

ಹೊಸ ಸಾಹೇಬರು ಕಾಗುಣಿತರನ್ನು ಕರೆದು, ಹಳೆಯ ಶಿಕ್ಷೆ ರದ್ದು, ಜನನ ವಿಭಾಗಕ್ಕೆ ವಾಪಸು ಹೋಗಬಹುದು ಎಂದರು.

"ಇಲ್ಲೇ ಇರ್ತೀನಿ ಸರ್."

"ಆ ಚಳಿಯಲ್ಲಾ? ಯಾಕ್ರೀ?"

"ಮುಂದಿನ ವರ್ಷ ಅಕ್ಕ ಹೊರಟುಹೋಗ್ತಾರೆ. ನಾನಿನ್ನೂ ಕಲೀಬೇಕಾದ್ದು ತುಂಬಾ ಇದೆ."

ರಾತ್ರಿ ಹೆಂಡತಿಗೆ ಹೇಳಿದರು. ಮರುದಿನ ಆಕೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ದಪ್ಪನೆಯದೊಂದು ಸ್ವೆಟರು ತಂದು ಕುರ್ಚಿಯ ಮೇಲಿಟ್ಟರು, ಅಷ್ಟೇ.

ಅದಾದ ಮೇಲೆ ಒಂದು ಮಧ್ಯಾಹ್ನ ಮೆಷಿನ್ ರೂಮಿನ ಫೋನು ಬಡಿದುಕೊಂಡಿತು. ಮೀಸೆಯ ಅಧಿಕಾರಿಯ ಕಚೇರಿಯ ಆ ಆಪರೇಟರ್.

"ಮುನ್ನೂರನ್ನ ಮೂವತ್ತಕ್ಕೆ ಇಳಿಸಿದ್ದೀನಿ ಸರ್. ಈಗ ಸುಧಾರಿಸಿದೆ. ಆದ್ರೆ ನಮ್ಮ ಸಾಹೇಬರಿಗೆ ವಿವರಣೆ ಬೇಕಂತೆ. ಅವತ್ತು ಪ್ರೋಗ್ರಾಮುಗಳನ್ನ ಕೊಂದಿದ್ದು ಯಾರು, ಯಾರ ಆದೇಶದ ಮೇಲೆ ಅಂತ."

ಕಾಗುಣಿತ ಅಕ್ಕನ ಕಡೆ ನೋಡಿದರು. ಅಕ್ಕ ಸ್ವೆಟರಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಯಂತ್ರವೇ ಅಂತ ಬರೀರಿ. ತನ್ನ ವಿವೇಚನೆಯಿಂದ."

"ಹಾಗೆ ಬರೆದ್ರೆ ಒಪ್ತಾರಾ?"

"ಒಪ್ಪಲ್ಲ. ಆದ್ರೂ ಬರೆದು ಮೊಹರು ಹಾಕಿಸಿಕೊಳ್ಳಿ."

ಅವಳು ಬರೆದುಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ, "ಇನ್ನೊಂದು ಸರ್. ನಮ್ಮಲ್ಲಿ ಖಾಲಿ ಎರಡು ತೋರಿಸ್ತಿದೆ, ಲಭ್ಯ ಹದಿನೆಂಟು. ಕೆಲವು ಪ್ರೊಸೆಸ್ ಎದುರಿಗೆ ಸ್ವಾಪ್ ಅಂತ ಬೇರೆ ಇದೆ. ಅದೇನದು?"

ಸ್ವಾಪ್ ವಿಷಯ ಕಾಗುಣಿತರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಒಂದು ನಿಮಿಷ ಇರಿ," ಎಂದು ಅವರು ಫೋನನ್ನು ಮೇಜಿನ ಮಧ್ಯಕ್ಕೆ ಎಳೆದು ಸ್ಪೀಕರ್ ಒತ್ತಿದರು, ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹಾಳೆಯನ್ನೂ ಪೆನ್ಸಿಲನ್ನೂ ಮುಂದಿಟ್ಟುಕೊಂಡರು. ಅಕ್ಕ ಹೊಸ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಇಬ್ಬರಿಗೂ ಕೇಳುವಂತೆ ನಿಧಾನವಾಗಿ ಶುರುಮಾಡಿದರು.